ಅಮೆರಿಕದ ಹಳೆಯ ನಾಣ್ಯಗಳೂ ಅವುಗಳ ದರ್ಜೆಯೂ

ಕಳೆದ ದೀಪಾವಳಿಯ ಮರುವಾರ ನಮ್ಮ ವಾಚನಾಲಯದ ಉದ್ದ ಮೇಜಿನ ಮೇಲೆ ಎರಡು ಬೆಳ್ಳಿ ನಾಣ್ಯಗಳು ಬಂದು ಕುಳಿತವು. ಎರಡೂ ಅಮೆರಿಕದ ಡಾಲರುಗಳು. ಎರಡರ ಮೇಲೂ 1881 ಎಂಬ ಇಸವಿ; ಎರಡೂ ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆಯಲ್ಲಿ ಅಚ್ಚಾದವು. ಒಂದನ್ನು ತಂದವರು ಕಂಪೆನಿಯೊಂದರಲ್ಲಿ ಗುಮಾಸ್ತರಾಗಿರುವ ನಮ್ಮ ಹಳೆಯ ಸದಸ್ಯರು. ಅವರ ತಂದೆ ಬಂದರಿನಲ್ಲಿ ಹಡಗಿನ ಸಾಮಾನು ಇಳಿಸುವ ಕೆಲಸದಲ್ಲಿದ್ದಾಗ ಯಾವನೋ ನಾವಿಕ ಕೊಟ್ಟದ್ದಂತೆ. ಊರಿನಿಂದ ತಂದ ಟ್ರಂಕಿನ ತಳದಲ್ಲಿ ಕರವಸ್ತ್ರದಲ್ಲಿ ಸುತ್ತಿಟ್ಟಿದ್ದರು. ಇನ್ನೊಂದು, ಹೋಟೆಲಿನ ಗಲ್ಲಾದಲ್ಲಿ ಕೂತು ಇಪ್ಪತ್ತೈದು ವರ್ಷ ಸವೆಸಿದ ಹಿರಿಯರೊಬ್ಬರದು. ಅವರ ಅಕ್ಕನ ಮಗ ಅಮೆರಿಕದಿಂದ ಬಂದಾಗ, “ಮಾವ, ಇದು ನಿಮಗೆ” ಎಂದು ಕೈಯಲ್ಲಿಟ್ಟು ಹೋದದ್ದು.

ಈ ಎರಡನೆಯ ನಾಣ್ಯ ಬರಿಯ ನಾಣ್ಯವಾಗಿ ಬಂದಿರಲಿಲ್ಲ. ಅಂಗೈಯಲ್ಲಿ ಹಿಡಿಯುವ, ಎಲ್ಲ ಕಡೆಯಿಂದಲೂ ಬೆಸೆದು ಮುಚ್ಚಿದ ಪಾರದರ್ಶಕ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಅದು ಇತ್ತು. ಪೆಟ್ಟಿಗೆಯ ತಲೆಯ ಮೇಲೆ ಒಂದು ಚೀಟಿ. ಅದರಲ್ಲಿ ಇಸವಿ, ಒಂದು ಉದ್ದನೆಯ ಸಂಖ್ಯೆ ಮತ್ತು ‘ಎಂ.ಎಸ್. 65’ ಎಂಬ ಗುರುತು.

ಗುಮಾಸ್ತರು ತಮ್ಮ ನಾಣ್ಯವನ್ನು ಅದರ ಪಕ್ಕದಲ್ಲಿಟ್ಟು, “ನೋಡಿ ರಾಯರೆ, ನನ್ನದೇ ಹೆಚ್ಚು ಬೆಳ್ಳಗಿದೆ. ನಿಮ್ಮದಕ್ಕೆ ಮಾತ್ರ ಯಾಕೆ ಇಷ್ಟು ಉಪಚಾರ?” ಎಂದರು. ಅವರು ಅದನ್ನು ಕೇಳಿದ್ದು ಬರಿಯ ಕುತೂಹಲದಿಂದಲ್ಲ. ಅವರ ಕಚೇರಿಯ ಬಾಗಿಲಿಗೆ ಒಬ್ಬ ವ್ಯಾಪಾರಿ ಬರಲು ಆರಂಭಿಸಿದ್ದ. ಇಂಥ ಪೆಟ್ಟಿಗೆಯ ನಾಣ್ಯಗಳನ್ನು ತೋರಿಸಿ, “ಬ್ಯಾಂಕಿನಲ್ಲಿ ಏನು ಸಿಕ್ಕೀತು? ಇದನ್ನು ಕೊಂಡಿಡಿ; ಐದು ವರ್ಷಕ್ಕೆ ಇಮ್ಮಡಿ” ಎಂದು ಬೋನಸ್ ಹಣಕ್ಕೆ ಕೈಯೊಡ್ಡುತ್ತಿದ್ದ. ಇಬ್ಬರು ಸಹೋದ್ಯೋಗಿಗಳು ಮುಂಗಡವನ್ನೂ ಕೊಟ್ಟಿದ್ದರು. ನಮ್ಮ ಸದಸ್ಯರು ಪ್ರಾವಿಡೆಂಟ್ ಫಂಡಿನಿಂದ ಹಣ ತೆಗೆಯುವ ಅರ್ಜಿಯನ್ನು ಜೇಬಿನಲ್ಲೇ ಇಟ್ಟುಕೊಂಡು ಬಂದಿದ್ದರು. ಹೀಗಿರಲು, ಆ ಚೀಟಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದನ್ನು ಎಲ್ಲರಿಗೂ ತಿಳಿಯುವಂತೆ ಬರೆಯಬೇಕೆಂದು ನಮಗೆ ತೋರಿತು.

ಮೊದಲು ನಾಣ್ಯದ ವಿಷಯ. ಇದಕ್ಕೆ ಮಾರ್ಗನ್ ಡಾಲರು ಎಂದು ಹೆಸರು. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದ ಟಂಕಸಾಲೆಗೆ ಬಂದು ಸೇರಿದ ಜಾರ್ಜ್ ಮಾರ್ಗನ್ ಎಂಬ ಕೆತ್ತನೆಗಾರ ಇದರ ಅಚ್ಚನ್ನು ರೂಪಿಸಿದ. ಮುಂಬದಿಯಲ್ಲಿರುವ ಸ್ವಾತಂತ್ರ್ಯದೇವಿಯ ಮುಖಕ್ಕೆ ಮಾದರಿಯಾಗಿ ಕುಳಿತವಳು ಫಿಲಡೆಲ್ಫಿಯದ ಆನ್ನಾ ವಿಲಿಯಮ್ಸ್ ಎಂಬ ಶಾಲೆಯ ಉಪಾಧ್ಯಾಯಿನಿ. ಹಿಂಬದಿಯಲ್ಲಿ ರೆಕ್ಕೆ ಬಿಚ್ಚಿದ ಹದ್ದು. 1878ರಿಂದ 1904ರವರೆಗೆ, ಮತ್ತೆ 1921ರಲ್ಲಿ ಒಂದು ವರ್ಷ, ಇದನ್ನು ಚಲಾವಣೆಗಾಗಿ ಅಚ್ಚು ಹಾಕಿದರು. (2021ರಿಂದೀಚೆಗೆ ಅದೇ ರೂಪದಲ್ಲಿ ಸಂಗ್ರಾಹಕರಿಗೆಂದೇ ಮಾಡಿದವು ಬೇರೆ, ಅವನ್ನು ಹಳೆಯವೆಂದು ನಂಬಬಾರದು.) ತೂಕ 26.73 ಗ್ರಾಂ, ನೂರಕ್ಕೆ ತೊಂಬತ್ತು ಪಾಲು ಬೆಳ್ಳಿ, ಉಳಿದದ್ದು ತಾಮ್ರ. ಹದ್ದಿನ ಕೆಳಗಿರುವ ಎಲೆಗಳ ಮಾಲೆಯ ಅಡಿಯಲ್ಲಿ ಒಂದು ಪುಟ್ಟ ಅಕ್ಷರ ಇದ್ದರೆ ಅದು ಟಂಕಸಾಲೆಯ ಗುರುತು: ಸ್ಯಾನ್ ಫ್ರಾನ್ಸಿಸ್ಕೋಗೆ ಎಸ್, ನ್ಯೂ ಆರ್ಲಿಯನ್ಸಿಗೆ ಓ, ನೆವಾಡದ ಕಾರ್ಸನ್ ಸಿಟಿಗೆ ಎರಡು ಸಿ, 1921ರಲ್ಲಿ ಮಾತ್ರ ಡೆನ್ವರಿಗೆ ಡಿ. ಅಕ್ಷರವಿಲ್ಲದಿದ್ದರೆ ಫಿಲಡೆಲ್ಫಿಯ. ಈ ಒಂದು ಅಕ್ಷರದಿಂದ ನಾಣ್ಯದ ಬೆಲೆ ನೂರು ಪಟ್ಟು ಹೆಚ್ಚುವುದುಂಟು. ಮೋಸಗಾರರ ಕೈ ಮೊದಲು ಹೋಗುವುದೂ ಅಲ್ಲಿಗೇ.

ಇಷ್ಟೊಂದು ಡಾಲರುಗಳನ್ನು ಅಮೆರಿಕದವರು ಬೇಕಾಗಿ ಅಚ್ಚು ಹಾಕಿದವರಲ್ಲ. ಬೆಳ್ಳಿಯ ಗಣಿಗಳ ಕಡೆಯವರ ಒತ್ತಾಯದಿಂದ 1878ರಲ್ಲಿ ಒಂದು ಕಾಯಿದೆಯಾಗಿ, ಸರಕಾರ ತಿಂಗಳು ತಿಂಗಳೂ ಇಷ್ಟು ಬೆಳ್ಳಿ ಕೊಂಡು ನಾಣ್ಯ ಮಾಡಲೇಬೇಕು ಎಂದಾಯಿತು. ಜನಕ್ಕೋ ಈ ಭಾರದ ನಾಣ್ಯ ಬೇಡ, ಕಾಗದದ ನೋಟೇ ಹಿತ. ಆದ್ದರಿಂದ ಸಾವಿರ ಸಾವಿರ ನಾಣ್ಯಗಳನ್ನು ಕ್ಯಾನ್ವಾಸ್ ಚೀಲಗಳಲ್ಲಿ ತುಂಬಿ ಉಗ್ರಾಣಗಳಲ್ಲಿ ಒಟ್ಟಿದರು. ಒಂದು ಚೀಲದ ತೂಕ ಹತ್ತಿರ ಹತ್ತಿರ 27 ಕಿಲೋ. ಚೀಲಗಳನ್ನು ಎತ್ತಿ ಹಾಕುವಾಗ ನಾಣ್ಯಕ್ಕೆ ನಾಣ್ಯ ತಾಗಿ ದೇವಿಯ ಕೆನ್ನೆಯ ಮೇಲೆ ಸಣ್ಣ ಗಾಯಗಳಾದವು. ಯಾರ ಜೇಬಿಗೂ ಹೋಗದ ನಾಣ್ಯಕ್ಕೂ ಗಾಯ! ಈ ಗಾಯಗಳನ್ನು ಎಣಿಸುವುದೇ ಇಂದು ಒಂದು ಉದ್ಯೋಗವಾಗಿದೆ.

ಇಲ್ಲಿ ನಮ್ಮ ದೇಶದ ಕಥೆಯೊಂದು ಬಂದು ಕೂಡುತ್ತದೆ. ಅದನ್ನು ಓದಿದಾಗ ನಮಗೇ ಆಶ್ಚರ್ಯವಾಯಿತು.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇಂಡಿಯಾದಿಂದ ಸೈನ್ಯಕ್ಕೂ ಇಂಗ್ಲೆಂಡಿಗೂ ಹೋದ ಸಾಮಾನಿಗೆ ಪ್ರತಿಯಾಗಿ ಇಲ್ಲಿ ಬೆಳ್ಳಿ ರೂಪಾಯಿಗಳು ಬೇಕಾದವು. ಬೆಳ್ಳಿಯ ಬೆಲೆ ಏರಿತು. ರೂಪಾಯಿ ಸಿಕ್ಕದೆ ಸರಕಾರ 1917ರ ಕೊನೆಯಲ್ಲಿ ಒಂದು ರೂಪಾಯಿಯ ನೋಟನ್ನು ಹೊರಡಿಸಿತು. ಕಾಗದವನ್ನು ನಂಬದ ಜನ 1918ರಲ್ಲಿ ನೋಟು ಹಿಡಿದು ಬೆಳ್ಳಿಗಾಗಿ ಮುಂಬಯಿಯ ಕರೆನ್ಸಿ ಕಚೇರಿಗೆ ಮುಗಿಬಿದ್ದರು. ಖಜಾನೆ ಬರಿದಾಗುವ ಹೊತ್ತಿಗೆ ಬ್ರಿಟಿಷರು ಅಮೆರಿಕದ ಮೊರೆಹೊಕ್ಕರು. 1918ರ ಏಪ್ರಿಲ್ 23ರಂದು ಅಲ್ಲಿ ಪಿಟ್‌ಮನ್ ಕಾಯಿದೆ ಜಾರಿಗೆ ಬಂತು. ಉಗ್ರಾಣದ ಚೀಲಗಳು ಹೊರಬಂದವು. 27 ಕೋಟಿಗೂ ಮೇಲ್ಪಟ್ಟು ಡಾಲರುಗಳನ್ನು ಕರಗಿಸಿದರು. ಅದರಲ್ಲಿ ಸುಮಾರು 25 ಕೋಟಿ 90 ಲಕ್ಷ ಡಾಲರುಗಳ ಬೆಳ್ಳಿ ಇಂಡಿಯಾಕ್ಕಾಗಿ ಬ್ರಿಟಿಷರಿಗೆ ಮಾರಾಟವಾಯಿತು.

ಒಂದು ಡಾಲರಿನಲ್ಲಿ 371.25 ಗ್ರೇನ್ ಶುದ್ಧ ಬೆಳ್ಳಿ. ಅಂದಿನ ಒಂದು ತೊಲ ತೂಕದ ರೂಪಾಯಿಯಲ್ಲಿ 165 ಗ್ರೇನ್. ಭಾಗಿಸಿ ನೋಡಿದರೆ ಒಂದು ಡಾಲರಿಗೆ ಸರಿಯಾಗಿ ಎರಡೂಕಾಲು ರೂಪಾಯಿ. ಅಂದರೆ ಹೆಚ್ಚುಕಡಿಮೆ 58 ಕೋಟಿ ರೂಪಾಯಿಗೆ ಸಾಲುವಷ್ಟು ಬೆಳ್ಳಿ! ಐದನೆಯ ಜಾರ್ಜ್ ದೊರೆಯ ತಲೆಯಿರುವ, 1918–19ರ ಇಸವಿಯ ರೂಪಾಯಿ ಯಾರದಾದರೂ ಮನೆಯ ದೇವರ ಪೆಟ್ಟಿಗೆಯಲ್ಲಿದ್ದರೆ, ಅದರೊಳಗೆ ಆ ಫಿಲಡೆಲ್ಫಿಯದ ಉಪಾಧ್ಯಾಯಿನಿಯ ಮುಖವೂ ಕರಗಿ ಸೇರಿರಬಹುದು. ಆ ರೂಪಾಯಿಗಳನ್ನು ಮತ್ತೆ ಕರಗಿಸಿ ನಮ್ಮ ಅಜ್ಜಿಯಂದಿರು ಕಾಲುಕಡಗ, ಮಕ್ಕಳಿಗೆ ಉಡಿದಾರ ಮಾಡಿಸಿದ್ದೂ ಉಂಟು.

ಸಂಗ್ರಾಹಕನಿಗೆ ಇದರಿಂದ ತಿಳಿಯಬೇಕಾದ್ದು ಇಷ್ಟು: ಕರಗಿಸುವಾಗ ಯಾವ ಇಸವಿಯದು ಎಷ್ಟು ಹೋಯಿತೆಂದು ಯಾರೂ ಲೆಕ್ಕ ಬರೆದಿಡಲಿಲ್ಲ. ಆದುದರಿಂದ ‘ಈ ವರ್ಷ ಇಷ್ಟು ಲಕ್ಷ ಅಚ್ಚಾಯಿತು’ ಎಂಬ ಟಂಕಸಾಲೆಯ ಅಂಕಿಯಿಂದ ಉಳಿದದ್ದೆಷ್ಟು ಎಂದು ಹೇಳಲು ಬಾರದು. 1895ರಲ್ಲಿ ಫಿಲಡೆಲ್ಫಿಯದಲ್ಲಿ 12,000 ಡಾಲರು ಅಚ್ಚಾಯಿತೆಂದು ಕಡತದಲ್ಲಿದೆ. ಆದರೆ ಸಂಗ್ರಾಹಕರಿಗೆಂದು ಬೇರೆಯಾಗಿ ಮೆರುಗಿನಿಂದ ಅಚ್ಚು ಹಾಕಿದ 880 ನಾಣ್ಯಗಳ ಪೈಕಿ ಉಳಿದವನ್ನು ಬಿಟ್ಟರೆ ಆ ವರ್ಷದ ನಾಣ್ಯ ಯಾರ ಕಣ್ಣಿಗೂ ಬಿದ್ದಿಲ್ಲ. ನಮ್ಮ ಮೇಜಿನ ಮೇಲೆ ಕುಳಿತ 1881ರ ಎಸ್ ಗುರುತಿನ ನಾಣ್ಯದ ಹಣೆಬರಹ ಬೇರೆ. ಅದು ಒಂದು ಕೋಟಿ 27 ಲಕ್ಷಕ್ಕೂ ಹೆಚ್ಚು ಅಚ್ಚಾಗಿ, ಚೀಲಗಟ್ಟಲೆ ಹೊಸದಾಗಿಯೇ ಉಳಿದುಬಂತು. ಅಚ್ಚೂ ಬಲು ಚೊಕ್ಕ. ಹೀಗಾಗಿ ಒಳ್ಳೆಯ ದರ್ಜೆಯಲ್ಲೂ ಸುಲಭವಾಗಿ ದೊರೆಯುವ ನಾಣ್ಯ ಅದು.

ಇನ್ನು ದರ್ಜೆಗೆ ಬರೋಣ. ಹಿಂದೆ ನಾಣ್ಯ ಮಾರುವವನು ‘ಹೊಸದರಂತಿದೆ’ ಎನ್ನುವನು. ಅದನ್ನೇ ಮರಳಿ ಕೊಳ್ಳಬೇಕಾದಾಗ ‘ತುಂಬಾ ಸವೆದಿದೆಯಲ್ಲ’ ಎನ್ನುವನು. ಸಂತೆಯಲ್ಲಿ ಮಾರುವವನ ಹಸು ಕಾಮಧೇನು, ಕೊಳ್ಳುವವನಿಗೆ ಅದೇ ಬರಡು. ಈ ತಕರಾರಿಗೆ ಅಂಕಿಯ ಅಳತೆಗೋಲೊಂದನ್ನು ತಂದವನು ವಿಲಿಯಂ ಷೆಲ್ಡನ್ ಎಂಬ ಮನಶ್ಶಾಸ್ತ್ರಜ್ಞ. ಹಳೆಯ ತಾಮ್ರದ ದೊಡ್ಡ ಸೆಂಟುಗಳ ಮೇಲೆ 1949ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಅವನು ಒಂದರಿಂದ ಎಪ್ಪತ್ತರವರೆಗೆ ಅಂಕಿ ಕೊಟ್ಟ. ಗುರುತು ಸಿಗುವಷ್ಟೇ ಉಳಿದ ನಾಣ್ಯಕ್ಕೆ ಒಂದು. ಕುಂದೇ ಇಲ್ಲದ್ದಕ್ಕೆ ಎಪ್ಪತ್ತು. ಒಂದರ ನಾಣ್ಯ ಒಂದು ಡಾಲರಾದರೆ ಎಪ್ಪತ್ತರದು ಎಪ್ಪತ್ತು ಡಾಲರು ಎಂಬುದು ಅವನ ಎಣಿಕೆ. ಬೆಲೆಯ ಲೆಕ್ಕ ಬೇಗನೆ ಸುಳ್ಳಾಯಿತು, ಅಂಕಿ ಮಾತ್ರ ಎಲ್ಲ ನಾಣ್ಯಗಳಿಗೂ ಹಬ್ಬಿ ನಿಂತಿತು. ಇಲ್ಲೊಂದು ವಿಚಿತ್ರವನ್ನು ಹೇಳದೆ ಬಿಡಲಾಗದು. ನ್ಯೂಯಾರ್ಕಿನ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಸಂಗ್ರಹದಿಂದ ಉತ್ತಮವಾದ ಸೆಂಟುಗಳನ್ನು ತೆಗೆದು ಆ ಜಾಗದಲ್ಲಿ ತನ್ನ ಕೆಳದರ್ಜೆಯ ಸೆಂಟುಗಳನ್ನು ಇಟ್ಟವನು ಇದೇ ಷೆಲ್ಡನ್ ಎಂದು ಅವನು ತೀರಿಕೊಂಡ ಮೇಲೆ ಬಯಲಾಯಿತು. ದರ್ಜೆಯ ಬೆಲೆ ಅವನಿಗೆ ಚೆನ್ನಾಗಿಯೇ ತಿಳಿದಿತ್ತು!

ಮಾರ್ಗನ್ ಡಾಲರನ್ನೇ ಹಿಡಿದು ದರ್ಜೆಯನ್ನು ನೋಡೋಣ. 4ರ ನಾಣ್ಯದಲ್ಲಿ ದೇವಿಯ ಹೊರಗೆರೆ, ಅಕ್ಷರ, ಇಸವಿ ಕಾಣುತ್ತವೆ, ತಲೆಗೂದಲು ಬಯಲಾಗಿರುತ್ತದೆ. 20ರ ಹೊತ್ತಿಗೆ ಕೂದಲಿನ ಎಳೆಗಳು ಒಂದಿಷ್ಟು ಮೂಡುತ್ತವೆ. 40, 45ರಲ್ಲಿ ಕಿವಿಯ ಮೇಲಿನ ಕೂದಲು, ಹದ್ದಿನ ಎದೆಯ ಗರಿ ಇವೆರಡರಲ್ಲಿ ಮಾತ್ರ ಸವಕಳಿ. 50ರಿಂದ 58ರವರೆಗೆ ಅತ್ಯಂತ ಉಬ್ಬಿದ ಕಡೆ ಬೆರಳು ಸವರಿದಷ್ಟೇ ಸವಕಳಿ. 60ರಿಂದ ಮೇಲಿನದೆಲ್ಲ ‘ಮಿಂಟ್ ಸ್ಟೇಟ್’, ಅಂದರೆ ಟಂಕಸಾಲೆಯಿಂದ ಹೊರಬಿದ್ದಂತೆಯೇ ಇರುವ, ಸವಕಳಿ ಇಲ್ಲದ ನಾಣ್ಯ. ಎಂ.ಎಸ್. ಎಂದರೆ ಇದೇ. ಸವಕಳಿಯೇ ಇಲ್ಲದ ಮೇಲೆ 60, 63, 65 ಎಂಬ ಭೇದವೇಕೆ ಎಂದರೆ, ಆಗ ನೋಡುವುದು ಚೀಲದ ಗಾಯಗಳನ್ನು, ಅಚ್ಚಿನ ಆಳವನ್ನು, ಹೊಳಪನ್ನು.

ಈ ಹೊಳಪಿನ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಚ್ಚಿನ ಒತ್ತಡಕ್ಕೆ ಸಿಕ್ಕಿದ ಬೆಳ್ಳಿ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಆ ಹರಿವಿನ ಕೂದಲೆಳೆಯಂಥ ಗೆರೆಗಳು ನಾಣ್ಯದ ಮೈಮೇಲೆ ಉಳಿಯುತ್ತವೆ. ದೀಪದ ಕೆಳಗೆ ನಾಣ್ಯವನ್ನು ಓರೆ ಮಾಡಿ ತಿರುಗಿಸಿದರೆ, ಗಾಡಿಯ ಗಾಲಿಯ ಅರೆಕಾಲುಗಳಂತೆ ಬೆಳಕಿನ ಪಟ್ಟಿಗಳು ಸುತ್ತುತ್ತವೆ. ಹೋಟೆಲಿನ ಹಿರಿಯರ ನಾಣ್ಯದಲ್ಲಿ ಆ ಬೆಳಕಿನ ಗಾಲಿ ಸೊಗಸಾಗಿ ಸುತ್ತಿತು. ನಾವೆಲ್ಲ ಸರದಿಯಂತೆ ನೋಡಿದೆವು. ಗುಮಾಸ್ತರದನ್ನು ತಿರುಗಿಸಿದರೆ ಗಾಲಿಯೇ ಇಲ್ಲ. ಎಲ್ಲ ಕಡೆಯೂ ಒಂದೇ ಬಿಳುಪು. ಭೂತಗನ್ನಡಿ ಹಿಡಿದಾಗ ಕೆನ್ನೆಯ ಮೇಲೂ ಬಯಲಲ್ಲೂ ಒಂದೇ ದಿಕ್ಕಿಗೆ ಓಡುವ ಸಣ್ಣ ಗೀರುಗಳು ಕಂಡವು. ಕೇಳಿದರೆ, ಲಕ್ಷ್ಮೀಪೂಜೆಗೆ ಇಡಬೇಕೆಂದು ಮನೆಯವರು ಅದನ್ನು ಹುಣಸೆಹಣ್ಣು, ವಿಭೂತಿ ಹಾಕಿ ಬೆಳಗಿದ್ದರಂತೆ.

ಬೆಳ್ಳಗಿರುವುದೆಲ್ಲ ಹಾಲಲ್ಲ. ಬೆಳ್ಳಿ ಪಾತ್ರೆಗೆ ಬೆಳಗುವುದು ಅಲಂಕಾರ. ಹಳೆಯ ನಾಣ್ಯಕ್ಕೆ ಅದು ಚರ್ಮ ಸುಲಿದಂತೆ. ಹರಿವಿನ ಗೆರೆಗಳು ಒಮ್ಮೆ ಉಜ್ಜಿ ಹೋದರೆ ಯಾವ ಉಪಾಯದಿಂದಲೂ ಮರಳಿ ಬಾರವು. ಇಂಥ ನಾಣ್ಯವನ್ನು ದರ್ಜೆ ಕಟ್ಟುವವರಿಗೆ ಕಳಿಸಿದರೆ ಅಂಕಿ ಕೊಡುವುದಿಲ್ಲ. ‘ತೊಳೆದದ್ದು’ ಎಂದು ಚೀಟಿಯಲ್ಲಿ ಬರೆದು ಕಳಿಸುತ್ತಾರೆ. ಬೆಲೆಯೂ ಬೆಳ್ಳಿಯ ಬೆಲೆಯ ಆಸುಪಾಸಿಗೆ ಇಳಿಯುತ್ತದೆ. ಆ ಡಾಲರು ತಂದೆಯ ಕರವಸ್ತ್ರದಲ್ಲಿ ಇದ್ದಾಗ ಎಷ್ಟರ ದರ್ಜೆಯದಾಗಿತ್ತೋ ಇನ್ನು ಯಾರೂ ಹೇಳುವಂತಿಲ್ಲ. ನಮ್ಮ ಸದಸ್ಯರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಮನೆಯಲ್ಲಿ ಹೇಳುವುದಿಲ್ಲ, ಬಿಡಿ. ಪಾಪ, ಒಳ್ಳೆಯದಕ್ಕೇ ಮಾಡಿದಳು” ಎಂದರು. ದೇವರ ಮುಂದೆ ಇಟ್ಟದ್ದು ಸರಿಯೇ. ಉಜ್ಜದೆ ಇಟ್ಟಿದ್ದರೆ ಸಾಕಿತ್ತು.

ದರ್ಜೆ ಕಟ್ಟುವ ಸಂಸ್ಥೆಗಳಲ್ಲಿ ಹೆಸರಾದವು ಎರಡು: 1986ರಲ್ಲಿ ಕೆಲಸ ಆರಂಭಿಸಿದ ಪಿ.ಸಿ.ಜಿ.ಎಸ್., 1987ರಲ್ಲಿ ಹುಟ್ಟಿದ ಎನ್.ಜಿ.ಸಿ. ಇವು ಟಂಕಸಾಲೆಯ ಅಂಗಗಳಲ್ಲ, ಸರಕಾರದವೂ ಅಲ್ಲ. ಶುಲ್ಕ ತೆಗೆದುಕೊಂಡು ಅಭಿಪ್ರಾಯ ಹೇಳುವ ಖಾಸಗಿ ಕಂಪೆನಿಗಳು. ಹಿಂದಿನ ನಮ್ಮ ಪೇಟೆಗಳಲ್ಲಿ ವರಹವನ್ನು ಒರೆಗೆ ಹಚ್ಚಿ, ಕಿವಿಯ ಬಳಿ ಕುಟ್ಟಿ, ‘ಇದು ನಡೆಯುತ್ತದೆ, ಇದು ನಡೆಯದು’ ಎಂದು ಹೇಳುತ್ತಿದ್ದ ಚಿನಿವಾರರ ಕಸಬೇ ಇದು. ಒಂದಕ್ಕಿಂತ ಹೆಚ್ಚು ಜನ ಪರೀಕ್ಷಕರು, ನಾಣ್ಯ ಯಾರದೆಂದು ತಿಳಿಯದೆ, ಬೇರೆ ಬೇರೆಯಾಗಿ ನೋಡಿ ಅಂಕಿ ಹೇಳುತ್ತಾರೆ. ಒಪ್ಪಿತವಾದ ಅಂಕಿಯನ್ನು ಚೀಟಿಯಲ್ಲಿ ಬರೆದು, ನಾಣ್ಯವನ್ನು ಪೆಟ್ಟಿಗೆಯಲ್ಲಿಟ್ಟು ಬೆಸೆಯುತ್ತಾರೆ. ನಾಣ್ಯ ಅಸಲಿ ಎಂಬುದಕ್ಕೆ ಸಂಸ್ಥೆಯ ಜವಾಬ್ದಾರಿ ಇರುವುದು ದೊಡ್ಡ ಉಪಕಾರ. ಇದನ್ನು ನಾವು ಹಗುರವಾಗಿ ಎಣಿಸುವುದಿಲ್ಲ.

ಆದರೆ ದರ್ಜೆ ಎಂಬುದು ತೂಕದಂತೆ ಅಳೆದು ತೆಗೆದ ಸಂಗತಿಯಲ್ಲ, ಪಳಗಿದ ಕಣ್ಣಿನ ಅಭಿಪ್ರಾಯ. ಅದೇ ನಾಣ್ಯವನ್ನು ಇನ್ನೊಂದು ದಿನ ಕಳಿಸಿದರೆ ಒಂದಂಕಿ ಹೆಚ್ಚು ಬಂದೀತು, ಕಡಿಮೆಯೂ ಬಂದೀತು. ಆ ಒಂದಂಕಿಯ ಆಸೆಗೆ ಪೆಟ್ಟಿಗೆ ಒಡೆದು ಮತ್ತೆ ಮತ್ತೆ ಕಳಿಸುವವರಿದ್ದಾರೆ. ಯಾಕೆಂದರೆ ಆ ಒಂದಂಕಿಯಲ್ಲಿ ಕೆಲವೊಮ್ಮೆ ಒಂದು ಮನೆಯ ಬೆಲೆ ಅಡಗಿರುತ್ತದೆ. 1884ರ ಎಸ್ ಗುರುತಿನ ಡಾಲರನ್ನೇ ನೋಡಿ. 32 ಲಕ್ಷ ಅಚ್ಚಾದ ನಾಣ್ಯ. ಸವೆದದ್ದು ಬೇಕಾದಷ್ಟು ಸಿಗುತ್ತದೆ, ಬೆಲೆಯೂ ಬೆಳ್ಳಿಗಿಂತ ಅಷ್ಟೇನೂ ಮೇಲಲ್ಲ. ಆದರೆ ಹೆಚ್ಚಿನವು ಜನರ ಕೈಯಲ್ಲಿ ಓಡಾಡಿ ಸವೆದುದರಿಂದ ಹೊಸದಾಗಿ ಉಳಿದದ್ದು ಅತಿ ವಿರಳ. 65ರ ದರ್ಜೆಯಲ್ಲಿ ಅದು ಲಕ್ಷ ಡಾಲರನ್ನು ದಾಟುತ್ತದೆ. 58ಕ್ಕೂ 62ಕ್ಕೂ ನಡುವಿನ ಭೇದ ಸಾಮಾನ್ಯ ಕಣ್ಣಿಗೆ ಕಾಣಿಸದು, ಬೆಲೆಯಲ್ಲಿ ಮಾತ್ರ ಕಣ್ಣು ಕುಕ್ಕುತ್ತದೆ. ಕೊಳ್ಳುವುದು ನಾಣ್ಯವನ್ನು, ಪೆಟ್ಟಿಗೆಯನ್ನಲ್ಲ ಎಂದು ಅಮೆರಿಕದ ಹಳೆಯ ಸಂಗ್ರಾಹಕರು ಹೊಸಬರಿಗೆ ಹೇಳುವುದು ಇದಕ್ಕಾಗಿಯೇ.

ಮೋಸದ ಪ್ರಕಾರಗಳು ಹಲವು. ಬಡ ಮೋಸ ಮತ್ತು ಸಿರಿವಂತ ಮೋಸ ಎಂದು ಎರಡಾಗಿ ಮಾಡಿದರೆ ತಿಳಿಯಲು ಸುಲಭ.

ಬಡ ಮೋಸ ಬೀದಿಯಲ್ಲಿ ಹಾಸಿದ ಗೋಣಿಯ ಮೇಲೆ ಇರುತ್ತದೆ. 1873ರಿಂದ ಅಮೆರಿಕದವರು ಚೀನಾದ ವ್ಯಾಪಾರಕ್ಕೆಂದೇ 420 ಗ್ರೇನ್ ತೂಕದ ‘ಟ್ರೇಡ್ ಡಾಲರು’ ಹೊರಡಿಸಿದರು; ಚೀನಾದ ಶರಾಫರು ಪರೀಕ್ಷಿಸಿ ಅವುಗಳ ಮೇಲೆ ತಮ್ಮ ಮುದ್ರೆ ಕುಟ್ಟುತ್ತಿದ್ದರು. ಇದರ ನಕಲುಗಳು ಏಷ್ಯದ ಪೇಟೆಗಳಲ್ಲೆಲ್ಲ ರಾಶಿ ಬಿದ್ದಿವೆ. ನಮ್ಮ ಇನ್ನೊಬ್ಬ ಸದಸ್ಯರು ಭಾನುವಾರದ ಹಳೆಸಾಮಾನಿನ ಬೀದಿಯಲ್ಲಿ ಇಂಥದೊಂದನ್ನು ಎಂಟುನೂರು ರೂಪಾಯಿಗೆ ಚೌಕಾಸಿ ಮಾಡಿ ಕೊಂಡು, ಬೀಗುತ್ತ ಬಂದರು. ಅದರ ಇಸವಿ 1872! ಹುಟ್ಟುವುದಕ್ಕೆ ಮುಂಚೆಯೇ ಬಂದ ಮಗು. ಅಯಸ್ಕಾಂತ ಹಿಡಿದರೆ ಟಣ್ಣೆಂದು ಅಂಟಿತು. ಬೆಳ್ಳಿ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅಂಟದಿದ್ದರೆ ಅಸಲಿ ಎಂದೂ ಅಲ್ಲ, ಆಗ ತೂಗಬೇಕು. ಹೊಸದರಂತಿರುವ ಮಾರ್ಗನ್ ಡಾಲರು 26.73 ಗ್ರಾಂಗೆ ಹತ್ತಿರವಿರಬೇಕು, ದಾರದಲ್ಲಿ ಕಟ್ಟಿ ನೀರಿನಲ್ಲಿ ತೂಗಿದರೆ ಸುಮಾರು 2.6 ಗ್ರಾಂ ಕಡಿಮೆ ತೋರಬೇಕು. ಅಕ್ಕಸಾಲಿಗರ ತಕ್ಕಡಿಯಲ್ಲಿ ಐದು ನಿಮಿಷದ ಕೆಲಸ.

ಸಿರಿವಂತ ಮೋಸಕ್ಕೆ ತಕ್ಕಡಿ ಸಾಲದು, ಏಕೆಂದರೆ ಅಲ್ಲಿ ನಾಣ್ಯ ಅಸಲಿಯೇ ಇರುತ್ತದೆ. 1893ರ ಎಸ್ ಗುರುತಿನ ಡಾಲರು ಒಂದು ಲಕ್ಷವಷ್ಟೇ ಅಚ್ಚಾಯಿತು, ಬಲು ಬೆಲೆಯದು. ಆದ್ದರಿಂದ ಎಸ್ ಇಲ್ಲದ 1893ರ ನಾಣ್ಯಕ್ಕೆ ಎಸ್ ಅಂಟಿಸುತ್ತಾರೆ. 1898ರದರ ಎಂಟನ್ನು ಕೆತ್ತಿ ಮೂರು ಮಾಡುತ್ತಾರೆ. 1895ರದಾದರೆ ತದ್ವಿರುದ್ಧ: ಅಲ್ಲಿ ಅಕ್ಷರವನ್ನು ಹೆರೆದು ತೆಗೆಯುವುದೇ ಲಾಭ. 1909ರ ಎಸ್ ಗುರುತಿನ, ಕಲಾವಿದ ಬ್ರೆನ್ನರನ ಮೊದಲಕ್ಷರಗಳಿರುವ ಲಿಂಕನ್ ಸೆಂಟಿಗೂ ಇದೇ ಗತಿ.

ಇವೆಲ್ಲವನ್ನೂ ಪೆಟ್ಟಿಗೆಗಳು ತಡೆದವು ಎನ್ನುವಷ್ಟರಲ್ಲಿ ಮೋಸಗಾರರು ಪೆಟ್ಟಿಗೆಯನ್ನೇ ನಕಲು ಮಾಡಲು ಕಲಿತರು. ಚೀಟಿಯ ಸಂಖ್ಯೆಯನ್ನೂ ಯಾವುದೋ ನಿಜವಾದ ನಾಣ್ಯದಿಂದಲೇ ಎತ್ತುತ್ತಾರೆ. ಸಂಖ್ಯೆಯನ್ನು ಸಂಸ್ಥೆಯ ತಾಣದಲ್ಲಿ ಮೊಬೈಲಿನಲ್ಲೇ ಹಾಕಿ ನೋಡಬಹುದು. ಆದರೆ ‘ಸಂಖ್ಯೆ ಇದೆ’ ಎಂದು ಅಲ್ಲಿಗೇ ನಿಲ್ಲಬಾರದು. ಹಲವು ನಾಣ್ಯಗಳಿಗೆ ಅಲ್ಲಿ ಚಿತ್ರವೂ ಇರುತ್ತದೆ. ನಮ್ಮ ಗುಮಾಸ್ತರು ಮರುದಿನ ಆ ವ್ಯಾಪಾರಿಯ ನಾಣ್ಯವೊಂದರ ಸಂಖ್ಯೆಯನ್ನೂ ಫೋಟೋವನ್ನೂ ತಂದರು. ಸಂಖ್ಯೆ ಇತ್ತು, ಇಸವಿ ಸರಿಯಿತ್ತು, ದರ್ಜೆಯೂ ಸರಿಯಿತ್ತು. ಚಿತ್ರದಲ್ಲಿ ದೇವಿಯ ದವಡೆಯ ಬಳಿ ಒಂದು ಓರೆ ಗಾಯ. ಇವರ ಫೋಟೋದಲ್ಲಿ ಆ ಗಾಯವಿಲ್ಲ. ಗಾಯ ಮಾಯುವುದು ಮನುಷ್ಯರಿಗೆ, ಬೆಳ್ಳಿಗಲ್ಲ. ವಿಷಯ ಕಚೇರಿಯಲ್ಲಿ ಹಬ್ಬಿದ ಮೇಲೆ ವ್ಯಾಪಾರಿ ಆ ಬೀದಿಯ ಕಡೆ ಸುಳಿದಿಲ್ಲ. ಮುಂಗಡ ಕೊಟ್ಟ ಇಬ್ಬರ ಹಣ ಇದನ್ನು ಬರೆಯುವವರೆಗೂ ಬಂದಿಲ್ಲ.

ಒಂದು ವೇಳೆ ನಾಣ್ಯವೂ ಪೆಟ್ಟಿಗೆಯೂ ಅಸಲಿಯೇ ಆಗಿದ್ದರೂ ‘ಐದು ವರ್ಷಕ್ಕೆ ಇಮ್ಮಡಿ’ ಎಂಬ ಮಾತಿಗೆ ಆಧಾರವಿರಲಿಲ್ಲ. ನ್ಯೂ ಆರ್ಲಿಯನ್ಸಿನ 1903ರ ಡಾಲರು ಹೊಸ ಸ್ಥಿತಿಯಲ್ಲಿ ಅತ್ಯಂತ ದುರ್ಲಭವೆಂದು 1962ರವರೆಗೂ ಎಲ್ಲರೂ ನಂಬಿದ್ದರು. ಸಾವಿರ ಡಾಲರಿಗೂ ಮೇಲೆ ಬೆಲೆ ಬರೆದಿದ್ದರು. ಆ ವರ್ಷದ ಕೊನೆಯಲ್ಲಿ, ದಶಕಗಳಿಂದ ಮುದ್ರೆ ಒತ್ತಿ ಮುಚ್ಚಿದ್ದ ಸರಕಾರಿ ಉಗ್ರಾಣವೊಂದನ್ನು ತೆರೆದಾಗ ಅದೇ ನಾಣ್ಯ ಚೀಲ ಚೀಲವಾಗಿ ಹೊರಬಂತು. ನಿನ್ನೆಯ ಅಪೂರ್ವ ವಸ್ತು ಹತ್ತಾರು ಡಾಲರಿಗೆ ಇಳಿಯಿತು. 1989ರಲ್ಲಿ ಇನ್ನೊಂದು ಬಗೆಯ ಹುಚ್ಚು: ದರ್ಜೆಯ ಚೀಟಿ ಇದೆಯಲ್ಲ, ನಾಣ್ಯವನ್ನು ನೋಡದೆಯೇ ಷೇರಿನಂತೆ ಕೊಳ್ಳಬಹುದು ಎಂದು ಹಣವಂತರು ನುಗ್ಗಿದರು. ಮರುವರ್ಷವೇ ಬೆಲೆ ಕುಸಿಯಿತು; ಹಲವು ನಾಣ್ಯಗಳು ವರ್ಷಗಟ್ಟಲೆ ತಲೆಯೆತ್ತಲಿಲ್ಲ. ಪತ್ರಿಕೆಗಳಲ್ಲಿ ಬರುವುದು ಮಾತ್ರ ಇನ್ನೊಂದು ತರದ ಸುದ್ದಿ. 1794ರ ಮೊದಲ ಡಾಲರು 2013ರಲ್ಲಿ ಒಂದು ಕೋಟಿ ಡಾಲರಿಗೆ, 1933ರ ಇಪ್ಪತ್ತು ಡಾಲರಿನ ಚಿನ್ನದ ನಾಣ್ಯ 2021ರಲ್ಲಿ ಒಂದು ಕೋಟಿ 89 ಲಕ್ಷ ಡಾಲರಿನ ಹತ್ತಿರಕ್ಕೆ ಹರಾಜಾದವು. ಆ ಸುದ್ದಿಗೂ ತಿಂಗಳ ಸಂಬಳದವರ ನಾಣ್ಯಕ್ಕೂ ಸಂಬಂಧವಿಲ್ಲ.

ಇಲ್ಲಿ ಕುಳಿತು ಅಲ್ಲಿನ ಹರಾಜಿನಲ್ಲಿ ಕೊಳ್ಳುವವರು ಲೆಕ್ಕವನ್ನು ಪೂರ್ತಿ ಹಾಕಬೇಕು. ಕೂಗಿದ ಬೆಲೆಯ ಮೇಲೆ ಹರಾಜಿನವರ ಪಾಲು, ಸಾಮಾನ್ಯವಾಗಿ ನೂರಕ್ಕೆ ಇಪ್ಪತ್ತರ ಆಸುಪಾಸು. ಅದರ ಮೇಲೆ ಸಾಗಣೆ, ವಿಮೆ. ಇಲ್ಲಿಗೆ ಬಂದಾಗ ಸುಂಕ. ಮಾರಹೊರಟರೆ ವ್ಯಾಪಾರಿ ಕೊಡುವುದು ಪಟ್ಟಿಯ ಬೆಲೆಯಲ್ಲ, ಅದಕ್ಕಿಂತ ಬಹಳ ಕೆಳಗೆ. ಅಂದರೆ ಕೊಂಡ ದಿನವೇ ಮೂರರಲ್ಲೊಂದು ಪಾಲು ಹೋಯಿತೆಂದು ತಿಳಿಯುವುದು ಕ್ಷೇಮ. ಇನ್ನೊಂದು ತೊಡಕೂ ಇದೆ. 1972ರ ನಮ್ಮ ಪ್ರಾಚ್ಯವಸ್ತು ಕಾಯಿದೆಯಂತೆ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತುವಾಗುತ್ತದೆ. ಪ್ರಾಚ್ಯವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಅಜ್ಜನ ಡಾಲರನ್ನು ದರ್ಜೆ ಕಟ್ಟಿಸಲೆಂದು ಲಕೋಟೆಯಲ್ಲಿ ಹಾಕಿ ಅಮೆರಿಕಕ್ಕೆ ಅಂಚೆ ಮಾಡಿಬಿಡಬೇಡಿ. ಪುರಾತತ್ವ ಇಲಾಖೆಯಲ್ಲಿ ಮೊದಲು ವಿಚಾರಿಸಿ.

ಇಷ್ಟು ಹೇಳಿದ ಮೇಲೆ, ಈ ಹವ್ಯಾಸವೇ ಬೇಡವೆಂದು ನಮ್ಮ ಅಭಿಪ್ರಾಯ ಎಂದು ಯಾರೂ ಭಾವಿಸಬಾರದು. ಸಾಲ ಮಾಡದೆ, ಸಿನಿಮಾಕ್ಕೋ ಸಿಗರೇಟಿಗೋ ಹೋಗುವ ಹಣದಲ್ಲಿ ತಿಂಗಳಿಗೊಂದು ಸಣ್ಣ ನಾಣ್ಯ ಕೊಳ್ಳುವವರಿಗೆ ಇದರಷ್ಟು ಸಂತೋಷ ಕೊಡುವುದು ಕಡಿಮೆ. 1859ರಿಂದ 1909ರವರೆಗಿನ ಇಂಡಿಯನ್ ಹೆಡ್ ಸೆಂಟು, 1913ರಿಂದ 1938ರವರೆಗಿನ ಎಮ್ಮೆ ನಿಕಲ್ (ನಿಜವಾಗಿ ಅದು ಅವರ ಕಾಡುಕೋಣ) ಇವುಗಳಲ್ಲಿ ಸಾಮಾನ್ಯ ಇಸವಿಯವು ಸವೆದ ಸ್ಥಿತಿಯಲ್ಲಿ ಬಡವರ ಕೈಗೂ ಎಟಕುತ್ತವೆ. ಇವಕ್ಕೆ ಪೆಟ್ಟಿಗೆ ಬೇಡ. ದರ್ಜೆ ಕಟ್ಟಿಸುವ ಶುಲ್ಕವೇ ನಾಣ್ಯದ ಬೆಲೆಯನ್ನು ಮೀರಿಸುತ್ತದೆ. ಅಂಚಿನಲ್ಲಿ ಹಿಡಿಯಿರಿ, ಮುಖ ಮುಟ್ಟಬೇಡಿ. ಮೆದು ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಕಾಲಾಂತರದಲ್ಲಿ ಹಸುರು ಅಂಟು ಹಿಡಿಯುತ್ತದೆ. ನಾಣ್ಯಕ್ಕೆಂದೇ ಮಾಡಿದ ಕಾಗದದ ಲಕೋಟೆ ಲೇಸು. ಮಳೆಗಾಲದಲ್ಲಿ, ಔಷಧಿ ಸೀಸೆಯೊಳಗೆ ಬರುವ ತೇವ ಹೀರುವ ಪೊಟ್ಟಣವೊಂದನ್ನು ಡಬ್ಬಿಯಲ್ಲಿಡಿ.

ಗುಮಾಸ್ತರು ಅರ್ಜಿಯನ್ನು ಹರಿದು ಹಾಕಿದರು. ತಂದೆಯ ಡಾಲರನ್ನು ನಾವೇ ಒಂದು ಲಕೋಟೆಯಲ್ಲಿ ಹಾಕಿ, ಮೇಲೆ ತಂದೆಯ ಹೆಸರನ್ನೂ ಬಂದರಿನಲ್ಲಿ ಸಿಕ್ಕಿದ ಸಂಗತಿಯನ್ನೂ ಅವರ ಕೈಯಿಂದಲೇ ಬರೆಯಿಸಿದೆವು. ವಾಚನಾಲಯದ ಮೇಜಿನ ಎಡಗಡೆಯ ಡ್ರಾಯರಿನಲ್ಲಿ ಈಗ ಒಂದು ಸಣ್ಣ ತಕ್ಕಡಿ, ಭೂತಗನ್ನಡಿ, ಅಯಸ್ಕಾಂತ ಇವೆ. ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಯಾರು ಬೇಕಾದರೂ ತಮ್ಮ ನಾಣ್ಯಗಳನ್ನು ತರಬಹುದು. ತರುವ ಮುಂಚೆ ದಯವಿಟ್ಟು ಬೆಳಗಬೇಡಿ.